ಚದುರಂಗದ 64 ಮನೆಯೊಳಗಿನ ಏಳು ಅವಿಭಾಜ್ಯಗಳು

18446744073709551615. ಇಪ್ಪತ್ತು ಅಂಕೆಗಳ ಸಂಖ್ಯೆ ಇದು. ನಮ್ಮ ರೂಢಿಯಂತೆ ಅಲ್ಪವಿರಾಮ ಹಾಕಿ ಬರೆದರೆ 1,84,46,74,40,73,70,95,51,615. ಬಾಯಲ್ಲಿ ಹೇಳುವುದಾದರೆ ಸುಮಾರು 1 ಲಕ್ಷ 84 ಸಾವಿರ ಕೋಟಿ ಕೋಟಿ. ಕಾಸರಗೋಡಿನಲ್ಲಿ ಬೆಳೆದವರಿಗೆ ಈ ಅಂಕೆಗಳು ನೆನಪಿರಲಿಕ್ಕಿಲ್ಲ, ಆದರೆ ಇದರ ಕಥೆಯನ್ನು ಮಲಯಾಳಂ ಗೆಳೆಯರ ಬಾಯಲ್ಲಿ ಕೇಳಿಯೇ ಇರುತ್ತಾರೆ.

ಕಥೆ ಆಲಪ್ಪುಳ ಜಿಲ್ಲೆಯ ಅಂಬಲಪ್ಪುಳ ಶ್ರೀಕೃಷ್ಣ ದೇವಸ್ಥಾನದ್ದು. ಕೃಷ್ಣ ಮುನಿಯ ವೇಷದಲ್ಲಿ ಬಂದು ರಾಜನನ್ನು ಚದುರಂಗಕ್ಕೆ ಕರೆಯುತ್ತಾನೆ. ಗೆದ್ದರೆ ಬೋರ್ಡಿನ ಮೊದಲ ಮನೆಗೆ ಒಂದು ಕಾಳು ಅಕ್ಕಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ದುಪ್ಪಟ್ಟು ಕೊಡಬೇಕು. ರಾಜ ಸೋಲುತ್ತಾನೆ. ಕೊಡುವುದಕ್ಕೆ ಅವನ ಕಣಜ ಸಾಲುವುದಿಲ್ಲ. ಒಂದೇ ಸಲ ಬೇಡ, ಬಂದ ಭಕ್ತರಿಗೆ ದಿನಾ ಪಾಯಸ ಹಂಚಿ ತೀರಿಸು ಎಂದು ಕೃಷ್ಣ ಹೇಳುತ್ತಾನೆ. ಅಲ್ಲಿನ ಹಾಲುಪಾಯಸಕ್ಕೆ ಇದೇ ಮೂಲ ಎಂಬುದು ಐತಿಹ್ಯ.

ಆ ಸಾಲದ ಮೊತ್ತವೇ ಮೇಲಿನ ಸಂಖ್ಯೆ. ಎಷ್ಟು ದೊಡ್ಡದು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಾಳು 20 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. ಮೊದಲ ಎರಡು ಸಾಲು, ಅಂದರೆ 16 ಮನೆ ತುಂಬಿದಾಗ ಒಟ್ಟು ಅಕ್ಕಿ 1 ಕಿಲೋ 300 ಗ್ರಾಂ. ಒಂದು ಮನೆಯ ಒಂದು ಹೊತ್ತಿನ ಊಟ ಅಷ್ಟೆ. ಅರ್ಧ ಬೋರ್ಡು ಮುಗಿದಾಗ ಸುಮಾರು 86 ಟನ್. ಊರಿನ ದೊಡ್ಡ ವ್ಯಾಪಾರಿ ಹೇಗೋ ಹೊಂದಿಸಿಯಾನು. ಪೂರ್ತಿ ಮುಗಿದಾಗ ಸುಮಾರು 37,000 ಕೋಟಿ ಟನ್! ಇಡೀ ಲೋಕದಲ್ಲಿ ಈಗ ವರ್ಷಕ್ಕೆ ಬೆಳೆಯುವ ಅಕ್ಕಿ ಹೆಚ್ಚುಕಡಿಮೆ 50 ಕೋಟಿ ಟನ್. ಆ ಲೆಕ್ಕದಲ್ಲಿ ಏಳುನೂರು ವರ್ಷಕ್ಕೂ ಜಾಸ್ತಿ ಬೆಳೆಯಬೇಕು. ಆ ಅಕ್ಕಿಯನ್ನು ನಮ್ಮ ಜಿಲ್ಲೆಯಲ್ಲೇ, ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಒಂದಿಂಚೂ ಬಿಡದೆ ಹರಡಿದರೆ 230 ಮೀಟರ್ ಎತ್ತರಕ್ಕೆ ನಿಲ್ಲುತ್ತದೆ.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ಕೇಳಿದವರು ಅಬ್ಬಾ ಎನ್ನುತ್ತಾರೆ, ಅಲ್ಲಿಗೆ ಬಿಡುತ್ತಾರೆ. ನನಗೆ ಅದೇ ಬೇಸರ. ಬರೀ ದೊಡ್ಡ ಸಂಖ್ಯೆ ಬೇಕಿದ್ದರೆ ಒಂದರ ಮುಂದೆ ಸೊನ್ನೆ ಬರೆಯುತ್ತಾ ಹೋದರೆ ಸಾಕಲ್ವಾ? ಈ ಸಂಖ್ಯೆಯ ಸೊಗಸು ಅದರ ಗಾತ್ರದಲ್ಲಿಲ್ಲ, ಕಟ್ಟಿನಲ್ಲಿದೆ. ಆ ಕಟ್ಟನ್ನು ಎಂಟನೇ ಕ್ಲಾಸಿನ ಮಕ್ಕಳೂ ಬಿಚ್ಚಿ ನೋಡಬಹುದು.

ಮೊದಲು, ಈ ಸಂಖ್ಯೆ 2⁶⁴ − 1 ಹೇಗಾಯಿತು? 1, 2, 4, 8 ಎಂದು ಕೂಡಿಸುತ್ತಾ ಹೋಗಿ. ಒಟ್ಟು ಕ್ರಮವಾಗಿ 1, 3, 7, 15 ಆಗುತ್ತದೆ. ಯಾವ ಹಂತದಲ್ಲಿ ನಿಂತು ನೋಡಿದರೂ ಅಲ್ಲಿಯವರೆಗಿನ ಒಟ್ಟು ಮೊತ್ತ ಮುಂದಿನ ಮನೆಗಿಂತ ಒಂದೇ ಒಂದು ಕಡಿಮೆ. 65ನೇ ಮನೆ ಇದ್ದಿದ್ದರೆ ಅದರಲ್ಲಿ 2⁶⁴ ಕಾಳು ಇರುತ್ತಿತ್ತು. ಆದ್ದರಿಂದ 64 ಮನೆಗಳ ಮೊತ್ತ 2⁶⁴ − 1.

ಇದನ್ನು ಲೆಕ್ಕ ಹಾಕಲು 64 ಸಲ ದುಪ್ಪಟ್ಟು ಮಾಡುತ್ತಾ ಕೂರಬೇಕಿಲ್ಲ. ಇದಕ್ಕೊಂದು ಒಳದಾರಿ ಇದೆ. ಅದು ಛಂದಸ್ಸಿನಿಂದ ಬಂದದ್ದು. ಗೋವಿಂದ ಪೈಗಳ ಮಂಜೇಶ್ವರ, ಯಕ್ಷಗಾನದ ಕುಂಬಳೆ ಇರುವ ಈ ನಾಡಿನಲ್ಲಿ ಲಘು ಗುರು ಗೊತ್ತಿಲ್ಲದ ಕನ್ನಡ ವಿದ್ಯಾರ್ಥಿ ಇರಲಿಕ್ಕಿಲ್ಲ. ಒಂದು ಅಕ್ಷರ ಲಘು ಅಥವಾ ಗುರು, ಎರಡೇ ಬಗೆ. ಎರಡು ಅಕ್ಷರಕ್ಕೆ ನಾಲ್ಕು ಬಗೆ. ಮೂರು ಅಕ್ಷರಕ್ಕೆ ಎಂಟು. ಯ, ಮ, ತ, ರ, ಜ, ಭ, ನ, ಸ ಎಂದು ನಾವು ಬಾಯಿಪಾಠ ಮಾಡುವ ಗಣಗಳು ಇವೇ ಎಂಟು. ಉತ್ಪಲಮಾಲೆಯ ಒಂದು ಪಾದಕ್ಕೆ 20 ಅಕ್ಷರ. 20 ಅಕ್ಷರಗಳನ್ನು ಲಘು ಗುರುಗಳಿಂದ ಜೋಡಿಸುವ ಬಗೆಗಳು 10,48,576. ಅಷ್ಟರಲ್ಲಿ ಒಂದನ್ನು ಹಿಡಿದು ಅದಕ್ಕೆ ಉತ್ಪಲಮಾಲೆ ಎಂದು ಹೆಸರಿಟ್ಟಿದ್ದಾರೆ. 64 ಅಕ್ಷರದ ಸಾಲು ಇದ್ದರೆ ಬಗೆಗಳು ಸರಿಯಾಗಿ 2⁶⁴.

ಇಂಥ ಲೆಕ್ಕಕ್ಕೆ ಪಿಂಗಳ ತನ್ನ ಛಂದಃಶಾಸ್ತ್ರದಲ್ಲಿ ಒಂದು ಉಪಾಯ ಕೊಟ್ಟಿದ್ದಾನೆ. ಅಕ್ಷರಗಳ ಸಂಖ್ಯೆಯನ್ನು ಅರ್ಧ ಮಾಡುತ್ತಾ ಹೋಗು, ಅರ್ಧ ಆಗದಿದ್ದರೆ ಒಂದು ಕಳೆ. ವಾಪಸ್ ಬರುವಾಗ, ಒಂದು ಕಳೆದಲ್ಲಿ ಎರಡರಿಂದ ಗುಣಿಸು, ಅರ್ಧ ಮಾಡಿದಲ್ಲಿ ವರ್ಗ ಮಾಡು. 64ಕ್ಕೆ ಮಾಡಿ ನೋಡಿ: 64, 32, 16, 8, 4, 2, 1. ಆರು ಸಲ ಅರ್ಧ, ಕೊನೆಗೆ ಒಂದು ಕಳೆದರೆ ಸೊನ್ನೆ. ಈಗ 1ರಿಂದ ಹೊರಟು ವಾಪಸ್ ಬನ್ನಿ. ಮೊದಲು 2. ಆಮೇಲೆ ವರ್ಗಗಳು: 4, 16, 256, 65536, 4294967296. ಇದನ್ನು ಇನ್ನೊಂದು ಸಲ ವರ್ಗ ಮಾಡಿದರೆ 18446744073709551616. ಏಳೇ ಹೆಜ್ಜೆ! ಸುಮಾರು ಸಾವಿರನೇ ಇಸವಿಯ ಹೊತ್ತಿಗೆ ಮಧ್ಯ ಏಷ್ಯಾದ ವಿದ್ವಾಂಸ ಅಲ್ಬೆರೂನಿ ಚದುರಂಗದ ಲೆಕ್ಕವನ್ನು ಒಂದು ಕಾಳೂ ತಪ್ಪದೆ ಕೊಟ್ಟದ್ದೂ ಹೀಗೆ ವರ್ಗ ಮಾಡುತ್ತಲೇ.

ಈಗ ಬಿಚ್ಚುವ ಕೆಲಸ. ಬದಿಯಡ್ಕ ಕಡೆಯ ಒಂದು ಗ್ರಂಥಾಲಯದಲ್ಲಿ ರಜೆಯ ಕ್ಲಾಸಿಗೆ ಬಂದ ಮಕ್ಕಳು ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಬೋರ್ಡು ಬರೆದಿದ್ದರು. ಅಕ್ಕಿ ಎಣಿಸುವುದು ಕಷ್ಟ ಅಂತ ಹುಣಸೆ ಬೀಜ ತಂದಿದ್ದರು. ಮೊದಲ ಸಾಲು ತುಂಬಿತು: 1, 2, 4, 8, 16, 32, 64, 128. ಎಂಟನೇ ಮನೆಯಲ್ಲಿ ಬೀಜ ನಿಲ್ಲದೆ ಪಕ್ಕಕ್ಕೆ ಉರುಳುತ್ತಿತ್ತು. ಒಟ್ಟು 255. ಹುಡುಗಿಯೊಬ್ಬಳು ಆ ಸಾಲನ್ನು ನಡುವೆ ಗೆರೆ ಎಳೆದು ಎರಡು ಮಾಡಿದಳು. ಎಡಗಡೆಯ ನಾಲ್ಕು ಮನೆಯಲ್ಲಿ 15, ಬಲಗಡೆಯ ನಾಲ್ಕರಲ್ಲಿ 240.

“ಮಾಷ್ಟ್ರೇ, ಇದು ಅದರ 16 ಪಟ್ಟು. ಹಾಗಾದರೆ ಎರಡೂ ಸೇರಿ 17 ಪಟ್ಟು ಅಲ್ವಾ?”

ಇಡೀ ವಿಷಯದ ಬೀಗದ ಕೈ ಈ ಮಾತಿನಲ್ಲಿದೆ. ಎರಡನೇ ಅರ್ಧ ಮೊದಲ ಅರ್ಧದ ಎಷ್ಟು ಪಟ್ಟು ಇದೆಯೋ ಅದಕ್ಕೆ ಒಂದು ಸೇರಿಸಿ. ಮೊದಲ ಅರ್ಧವನ್ನು ಅದರಿಂದ ಗುಣಿಸಿದರೆ ಒಟ್ಟು ಸಿಗುತ್ತದೆ. ಚಿಕ್ಕದರಿಂದ ಶುರು ಮಾಡೋಣ. ಮೊದಲ ಮನೆಯಲ್ಲಿ 1. ಎರಡನೇ ಮನೆ ಅದರ 2 ಪಟ್ಟು, ಆದ್ದರಿಂದ ಎರಡು ಮನೆಯ ಒಟ್ಟು 3. ಮುಂದಿನ ಎರಡು ಮನೆ ಮೊದಲಿನ ಎರಡರ 4 ಪಟ್ಟು, ಆದ್ದರಿಂದ ನಾಲ್ಕು ಮನೆಯ ಒಟ್ಟು 3 × 5. ಮುಂದಿನ ನಾಲ್ಕು 16 ಪಟ್ಟು: ಒಂದು ಸಾಲಿನ ಒಟ್ಟು 3 × 5 × 17. ಎರಡನೇ ಸಾಲು ಮೊದಲ ಸಾಲಿನ 256 ಪಟ್ಟು, ಹಾಗಾಗಿ 257 ಬಂತು. ಅರ್ಧ ಬೋರ್ಡಿಗೆ ಹೋದಾಗ 65537 ಸೇರುತ್ತದೆ. ಪೂರ್ತಿ ಬೋರ್ಡಿಗೆ ಹೋದಾಗ 4294967297.

ಅಂದರೆ ನಮ್ಮ ಸಂಖ್ಯೆ 3 × 5 × 17 × 257 × 65537 × 4294967297. ಶಾಲೆಯಲ್ಲಿ ಎರಡು ವರ್ಗಗಳ ವ್ಯತ್ಯಾಸ ಎಂದು ಒಂದು ಸೂತ್ರ ಕಲಿಸುತ್ತಾರೆ. ಎರಡು ಸಂಖ್ಯೆಗಳ ಮೊತ್ತವನ್ನು ಅವುಗಳ ವ್ಯತ್ಯಾಸದಿಂದ ಗುಣಿಸಿದರೆ ವರ್ಗಗಳ ವ್ಯತ್ಯಾಸ ಸಿಗುತ್ತದೆ. 2⁶⁴ − 1 ಎಂಬುದು 2³² ಮತ್ತು 1ರ ವರ್ಗಗಳ ವ್ಯತ್ಯಾಸ. ಆದ್ದರಿಂದ ಅದು 2³² − 1 ಮತ್ತು 2³² + 1 ಎಂದು ಎರಡಾಗಿ ಒಡೆಯುತ್ತದೆ. ಮೊದಲನೆಯದನ್ನು ಮತ್ತೆ ಹಾಗೆಯೇ ಒಡೆಯಿರಿ, ಮತ್ತೆ ಒಡೆಯಿರಿ. ಹುಣಸೆ ಬೀಜದ ಲೆಕ್ಕವೇ ಇದು, ಬೋರ್ಡಿನ ದೊಡ್ಡ ತುದಿಯಿಂದ ಚಿಕ್ಕ ತುದಿಗೆ ಬಂದದ್ದು ಅಷ್ಟೆ. ಇಪ್ಪತ್ತು ಅಂಕೆಯ ಸಂಖ್ಯೆಯನ್ನು ಒಂದೇ ಒಂದು ಭಾಗಾಕಾರ ಮಾಡದೆ ಆರು ತುಂಡು ಮಾಡಿದ್ದಾಯಿತು. ನನಗೆ ಇದು ಪ್ರತಿ ಸಲವೂ ಹೊಸದಾಗಿ ಖುಷಿ ಕೊಡುತ್ತದೆ.

3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳು. ಒಂದು ಮತ್ತು ಅವೇ ಹೊರತು ಬೇರೆ ಯಾವುದೂ ಅವನ್ನು ಶೇಷವಿಲ್ಲದೆ ಭಾಗಿಸುವುದಿಲ್ಲ. ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ ಇವನ್ನು ಗಮನಿಸಿದ್ದ. ಈ ಜಾತಿಯ ಸಂಖ್ಯೆಗಳೆಲ್ಲ, ಅಂದರೆ 2ರಿಂದ ಹೊರಟು ವರ್ಗ ಮಾಡುತ್ತಾ ಹೋಗಿ ಪ್ರತಿಯೊಂದಕ್ಕೂ ಒಂದು ಸೇರಿಸಿದರೆ ಬರುವವೆಲ್ಲ, ಅವಿಭಾಜ್ಯಗಳೇ ಇರಬೇಕು ಎಂದು ನಂಬಿ ಪತ್ರಗಳಲ್ಲೂ ಬರೆದ. ಮುಂದಿನದು 4294967297. ಅದೂ ಅವಿಭಾಜ್ಯವೇ ಎಂಬ ಮಾತು ಸುಮಾರು 90 ವರ್ಷ ನಿಂತಿತು. 1732ರಲ್ಲಿ, 25ರ ಹರೆಯದ ಲಿಯೊನಾರ್ಡ್ ಆಯ್ಲರ್ ಅದನ್ನು ಒಡೆದು ತೋರಿಸಿದ: 641 × 6700417.

641 ಎಲ್ಲಿಂದ ಸಿಕ್ಕಿತು? 3, 7, 11, 13 ಎಂದು ಒಂದೊಂದಾಗಿ ಭಾಗಿಸುತ್ತಾ ಹೋದರೆ 641 ಮುಟ್ಟುವ ಹೊತ್ತಿಗೆ ನೂರಕ್ಕೂ ಜಾಸ್ತಿ ಅವಿಭಾಜ್ಯಗಳನ್ನು ದಾಟಬೇಕು. ಅದಕ್ಕೂ ಒಳದಾರಿ ಇದೆ. ಬೋರ್ಡಿಗೇ ವಾಪಸ್ ಹೋಗೋಣ.

ಪ್ರತಿ ಮನೆಯ ಕಾಳುಗಳನ್ನು 17ರಿಂದ ಭಾಗಿಸಿ ಶೇಷ ಮಾತ್ರ ಬರೆಯಿರಿ. 1, 2, 4, 8, 16 ಹಾಗೇ ಉಳಿಯುತ್ತವೆ. 32ಕ್ಕೆ ಶೇಷ 15. ಮುಂದಿನದಕ್ಕೆ 13, ಆಮೇಲೆ 9. ಅಲ್ಲಿಗೆ ಸಾಲು ಮುಗಿಯಿತು. ಎರಡನೇ ಸಾಲಿನ ಮೊದಲ ಮನೆಯಲ್ಲಿ ಮತ್ತೆ 1! 17ರ ಲೆಕ್ಕದಲ್ಲಿ ಶೇಷಗಳ ಸುತ್ತು ಸರಿಯಾಗಿ ಒಂದು ಸಾಲಿನದ್ದು, ಎಂಟು ಮನೆ. 3ರಿಂದ ಭಾಗಿಸಿದರೆ ಸುತ್ತು ಎರಡೇ ಮನೆ: 1, 2, 1, 2. 5ಕ್ಕೆ ನಾಲ್ಕು ಮನೆ: 1, 2, 4, 3. 257ಕ್ಕೆ ಎರಡು ಸಾಲು. 65537ಕ್ಕೆ ಅರ್ಧ ಬೋರ್ಡು. ಈ ಸಂಖ್ಯೆಗಳು ಯಾವ ಹಂತದಲ್ಲಿ ನಮ್ಮ ಗುಣಾಕಾರದೊಳಗೆ ಬಂದವೋ ಅದೇ ಅಳತೆಯ ಸುತ್ತು ಅವಕ್ಕೆ.

ಇನ್ನು 4294967297ರ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, ಅದರ ಸುತ್ತು ಪೂರ್ತಿ 64 ಮನೆಯದ್ದೇ ಆಗಿರಬೇಕು. ಏಕೆಂದರೆ ಅದರ ಲೆಕ್ಕದಲ್ಲಿ 2³²ಕ್ಕೆ ಒಂದು ಸೇರಿಸಿದರೆ ಶೇಷ ಸೊನ್ನೆ. ಅಂದರೆ 33ನೇ ಮನೆಯಲ್ಲಿ ಶೇಷ −1. ಅಲ್ಲಿಂದ ಇನ್ನೂ 32 ಮನೆ ನಡೆದರೆ −1ರ ವರ್ಗ, ಅಂದರೆ 1. ಅದಕ್ಕಿಂತ ಮೊದಲು ಸುತ್ತು ಮುಗಿಯಲು ಸಾಧ್ಯವಿಲ್ಲ. ಮುಗಿದರೆ ಅದರ ಉದ್ದ 64ನ್ನು ಭಾಗಿಸುವ 32, 16, 8 ಇಂಥದ್ದೇ ಆಗಿರಬೇಕು, ಆಗ 33ನೇ ಮನೆಯಲ್ಲಿ −1ರ ಬದಲು 1 ಬರಬೇಕಿತ್ತು. ಇಲ್ಲಿ ಫರ್ಮಾನದ್ದೇ ಇನ್ನೊಂದು ನಿಯಮ ನೆರವಿಗೆ ಬರುತ್ತದೆ: 2ನ್ನು ಬಿಟ್ಟು ಉಳಿದ ಯಾವ ಅವಿಭಾಜ್ಯದ ಲೆಕ್ಕದಲ್ಲೂ ಸುತ್ತಿನ ಉದ್ದವು ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ. 17ಕ್ಕೆ ನೋಡಿ, ಸುತ್ತು 8, ಅದು 16ನ್ನು ಭಾಗಿಸುತ್ತದೆ. ಹಾಗಾಗಿ ನಾವು ಹುಡುಕುವ ಅಪವರ್ತನ 64ರ ಮಗ್ಗಿಯ ಒಂದು ಸಂಖ್ಯೆಗಿಂತ ಒಂದು ಜಾಸ್ತಿ ಇರಲೇಬೇಕು.

ಆ ಪಟ್ಟಿ ಬರೆಯಿರಿ: 65, 129, 193, 257, 321, 385, 449, 513, 577, 641. ಇದರಲ್ಲಿ 65 ಮತ್ತು 385 ಐದರಿಂದ ಹೋಗುತ್ತವೆ. 129, 321, 513 ಮೂರರಿಂದ ಹೋಗುತ್ತವೆ. ಉಳಿದದ್ದು 193, 257, 449, 577, 641. ಐದನೇ ಭಾಗಾಕಾರಕ್ಕೆ ಉತ್ತರ ಕೈಗೆ ಬಂತು. ಈ ನಿಯಮ ಫರ್ಮಾನ ಕೈಯಲ್ಲೇ ಇತ್ತು. ಕೂತು ಐದು ಭಾಗಾಕಾರ ಮಾಡಿದ್ದರೆ ಅವನಿಗೇ ಗೊತ್ತಾಗುತ್ತಿತ್ತು.

641 ನಿಜವಾಗಿಯೂ ಭಾಗಿಸುತ್ತದೆಯೇ ಎಂದು ನೋಡಲು ಹತ್ತು ಅಂಕೆಯ ಭಾಗಾಕಾರವೂ ಬೇಡ. 2¹⁶ ಅಂದರೆ 65536. ಅದನ್ನು 641ರಿಂದ ಭಾಗಿಸಿದರೆ 102 ಸಲ ಹೋಗಿ 154 ಉಳಿಯುತ್ತದೆ. 2³² ಎಂಬುದು 65536ರ ವರ್ಗ, ಆದ್ದರಿಂದ ಶೇಷದ ಮಟ್ಟಿಗೆ ಅದು 154ರ ವರ್ಗವಿದ್ದಂತೆ: 23716. ಅದಕ್ಕೆ ಒಂದು ಸೇರಿಸಿ: 23717. ಇದು 641 × 37. ಶೇಷ ಸೊನ್ನೆ. ಮುಗಿಯಿತು! ಕಾಗದ ಪೆನ್ನು ತೆಗೆದುಕೊಂಡು ಒಮ್ಮೆ ಮಾಡಿ ನೋಡಿ, ಐದು ನಿಮಿಷದ ಕೆಲಸ.

6700417 ಮತ್ತೆ ಒಡೆಯುವುದಿಲ್ಲ. ಅದೂ ಅವಿಭಾಜ್ಯ. ಹಾಗಾಗಿ ನಮ್ಮ ಸಂಖ್ಯೆಯ ಕೊನೆಯ ರೂಪ ಇದು:

3 × 5 × 17 × 257 × 641 × 65537 × 6700417.

ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಬರುವುದಿಲ್ಲ. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಮತ್ತೆ ಲಘು ಗುರುವಿನ ಲೆಕ್ಕವೇ. ಹಾಗಾಗಿ ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 2⁷, ಅಂದರೆ 128. ಸಣ್ಣ ಪರೀಕ್ಷೆಗಳೂ ಸರಿಹೋಗುತ್ತವೆ. ಕೊನೆಯ ಅಂಕೆ 5, ಆದ್ದರಿಂದ ಐದರಿಂದ ಭಾಗವಾಗುತ್ತದೆ. ಇಪ್ಪತ್ತು ಅಂಕೆಗಳ ಮೊತ್ತ 87, ಆದ್ದರಿಂದ ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಇಲ್ಲ.

ಇದೇ ಸಂಖ್ಯೆ ಬೇರೆ ಎರಡು ಕಡೆಯೂ ಎದುರಾಗುತ್ತದೆ. ಒಂದು, ಎದುವಾರ್ ಲೂಕಾಸ್ 1883ರಲ್ಲಿ ಆಟಿಕೆಯಾಗಿ ಹೊರತಂದ ಹನೋಯ್ ಗೋಪುರ. ಅದರ ಜೊತೆ ಒಂದು ಕಟ್ಟುಕಥೆಯೂ ಬಂತು. ಕಾಶಿಯ ದೇವಸ್ಥಾನದಲ್ಲಿ 64 ಚಿನ್ನದ ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರಂತೆ. ಒಂದು ಸಲಕ್ಕೆ ಒಂದೇ ಬಿಲ್ಲೆ, ಚಿಕ್ಕದರ ಮೇಲೆ ದೊಡ್ಡದು ಇಡಬಾರದು. ಕೆಳಗಿನ ದೊಡ್ಡ ಬಿಲ್ಲೆ ಸರಿಸಬೇಕಾದರೆ ಮೇಲಿನ ಎಲ್ಲವನ್ನೂ ಮೊದಲು ಸರಿಸಬೇಕು, ಆಮೇಲೆ ಮತ್ತೆ ಅದರ ಮೇಲೆ ತರಬೇಕು. ಹಾಗಾಗಿ ಒಂದೊಂದು ಬಿಲ್ಲೆ ಜಾಸ್ತಿಯಾದಾಗಲೂ ಕೆಲಸ ದುಪ್ಪಟ್ಟು ಮತ್ತು ಒಂದು: 1, 3, 7, 15. 64 ಬಿಲ್ಲೆಗೆ ಬೇಕಾದ ನಡೆ 18446744073709551615. ಸೆಕೆಂಡಿಗೊಂದು ನಡೆ ನಡೆಸಿದರೂ ಸುಮಾರು 58,000 ಕೋಟಿ ವರ್ಷ. ಈ ವಿಶ್ವದ ವಯಸ್ಸೇ 1,380 ಕೋಟಿ ವರ್ಷ.

ಇನ್ನೊಂದು ನಿಮ್ಮ ಕೈಯಲ್ಲಿರುವ ಫೋನು. ಈಗಿನ ಫೋನು, ಕಂಪ್ಯೂಟರುಗಳು ಹೆಚ್ಚಾಗಿ 64 ಬಿಟ್‌ಗಳಲ್ಲಿ ಲೆಕ್ಕ ಇಡುತ್ತವೆ. ಪ್ರತಿ ಬಿಟ್ 0 ಅಥವಾ 1. 64ರಲ್ಲೂ 1 ಇದ್ದರೆ ಅದೇ ನಮ್ಮ ಸಂಖ್ಯೆ. ಅದಕ್ಕೆ ಒಂದು ಸೇರಿಸಿದರೆ ಜಾಗ ಸಾಲದೆ ಎಲ್ಲವೂ ಸೊನ್ನೆ. ಚದುರಂಗ ಆಡುವ ಎಷ್ಟೋ ಪ್ರೋಗ್ರಾಂಗಳು ಇದನ್ನೇ ಬಳಸಿಕೊಂಡು ಒಂದು ಮನೆಗೆ ಒಂದು ಬಿಟ್ ಇಟ್ಟು, ಬೋರ್ಡಿನ ಮೇಲೆ ಯಾವ ಕಾಯಿ ಎಲ್ಲಿದೆ ಎಂಬುದನ್ನು 64 ಬಿಟ್‌ಗಳ ಸಂಖ್ಯೆಗಳಾಗಿ ಬರೆದಿಟ್ಟುಕೊಳ್ಳುತ್ತವೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ರೇಖಾಗಣಿತದ ಕಡೆಯ ಸಂಬಂಧ. ಅಕ್ಕಿ ಕಾಳಿಗೂ ಕೈವಾರಕ್ಕೂ ಏನು ಸಂಬಂಧ ಅನಿಸಬಹುದು. ಕೈವಾರ ಮತ್ತು ಗುರುತಿಲ್ಲದ ಸ್ಕೇಲು, ಇವೆರಡರಿಂದ ಮಾತ್ರ ಎಲ್ಲ ಬದಿ, ಎಲ್ಲ ಕೋನ ಸಮ ಇರುವ ತ್ರಿಭುಜ, ಪಂಚಭುಜ ರಚಿಸಬಹುದು ಎಂಬುದು ಹಳೆಯ ಗ್ರೀಕರಿಗೇ ಗೊತ್ತಿತ್ತು. ಏಳು ಬದಿಯದ್ದು ಬರುತ್ತಿರಲಿಲ್ಲ. ಎರಡು ಸಾವಿರ ವರ್ಷ ವಿಷಯ ಅಲ್ಲೇ ನಿಂತಿತ್ತು. 1796ರಲ್ಲಿ, 18 ವರ್ಷದ ಕಾರ್ಲ್ ಫ್ರೆಡ್ರಿಕ್ ಗೌಸ್ 17 ಬದಿಯ ಸಮಬಹುಭುಜವನ್ನು ರಚಿಸಲು ಸಾಧ್ಯ ಎಂದು ತೋರಿಸಿದ. ಬದಿಗಳ ಸಂಖ್ಯೆ ಬೆಸವಾಗಿದ್ದರೆ, ಅದು ಫರ್ಮಾನ ಜಾತಿಯ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಹಾಗಿದ್ದರೆ ಮಾತ್ರ ರಚನೆ ಸಾಧ್ಯ. ಬೇರೆ ಯಾವುದೂ ಆಗದು ಎಂಬ ಭಾಗವನ್ನು ಪಿಯರ್ ವಾಂಟ್ಜೆಲ್ 1837ರಲ್ಲಿ ಸಾಧಿಸಿದ.

ಯೊಹಾನ್ ಗುಸ್ತಾವ್ ಹೆರ್ಮಿಸ್ ಎಂಬ ಜರ್ಮನಿಯ ಗಣಿತಜ್ಞ 65537 ಬದಿಯ ಆಕೃತಿಯ ರಚನೆಯನ್ನು ಬರೆಯಲು ಹತ್ತು ವರ್ಷ ಕೊಟ್ಟ. ಆ ಹಸ್ತಪ್ರತಿಗಳು ಗಾಟಿಂಗನ್ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರಿಂದ ಯಾರಿಗೆ ಏನು ಲಾಭ ಎಂದು ಕೇಳುವವರಿರುತ್ತಾರೆ. ಆಗುತ್ತದೆ ಎಂದು ಗೊತ್ತಿರುವುದನ್ನು ಆಗಮಾಡಿ ನೋಡುವ ಆ ಹಟ ನನಗೆ ಅರ್ಥವಾಗುತ್ತದೆ.

ಈಗ ನಮ್ಮ ಸಂಖ್ಯೆಯ 128 ಭಾಜಕಗಳ ಪಟ್ಟಿ ತೆರೆಯಿರಿ. 641 ಅಥವಾ 6700417 ಬರುವವನ್ನು ಹೊಡೆದು ಹಾಕಿ. 1ನ್ನೂ ಬಿಡಿ. ಉಳಿಯುವುದು 31: 3, 5, 15, 17, 51, 85, 255, 257, ಹೀಗೆ ಸಾಗಿ ಕೊನೆಗೆ 4294967295. ಕೈವಾರ ಮತ್ತು ಸ್ಕೇಲಿನಿಂದ ರಚಿಸಬಹುದು ಎಂದು ಇವತ್ತಿಗೆ ಗೊತ್ತಿರುವ ಬೆಸ ಬದಿಯ ಸಮಬಹುಭುಜಗಳೆಲ್ಲ ಇವೇ. ಒಂದೂ ಬಿಟ್ಟುಹೋಗಿಲ್ಲ. ಆ ಕೊನೆಯ ಸಂಖ್ಯೆ ಅರ್ಧ ಬೋರ್ಡಿನ ಅಕ್ಕಿಯ ಲೆಕ್ಕ.

ಪಟ್ಟಿ ಬೆಳೆಯಬೇಕಾದರೆ ಫರ್ಮಾನ ಜಾತಿಯ ಆರನೇ ಅವಿಭಾಜ್ಯ ಸಿಗಬೇಕು. 4294967297ರ ನಂತರದವನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಬಂದಿದ್ದಾರೆ. 2ಕ್ಕೆ 2³²ನೇ ಘಾತ ಹಾಕಿ ಒಂದು ಸೇರಿಸಿದರೆ ಬರುವ ಸಂಖ್ಯೆಯವರೆಗೆ ಯಾವುದೂ ಅವಿಭಾಜ್ಯವಲ್ಲ. ಅದರ ಮುಂದಿನದಕ್ಕೆ ಸುಮಾರು 258 ಕೋಟಿ ಅಂಕೆಗಳು. ಅದು ಒಡೆಯುತ್ತದೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಒಂದು ವೇಳೆ ಅವಿಭಾಜ್ಯವೇ ಎಂದು ಗೊತ್ತಾದರೆ 31ರ ಪಟ್ಟಿ 63ಕ್ಕೆ ಏರುತ್ತದೆ.